ಬಲಗಡೆಯ ಹೂ

ದೇವರ ಬಲಭುಜವನ್ನು ತೊಳೆಯುತ್ತಿದ್ದ ಕಾಟಯ್ಯನ ಹೆಬ್ಬೆರಳಿಗೆ ಏನೋ ಜಿಗುಟು ತಗುಲಿತು. ಕಲ್ಲಿನ ಗೀರಿನೊಳಗೆ ಸೇರಿಕೊಂಡಿದ್ದ ಅದನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದ. ಮೇಣ. ಅದರೊಳಗೆ ಕೂದಲೆಳೆಯಷ್ಟು ಕೆಂಪು ದಾರ. ನೋಡಿದವನೇ ಗುಡಿಯ ನೆಲದ ಮೇಲೆ ಕುಸಿದು ಕುಳಿತ. ಅಯ್ಯೋ... ಆ ಮೇಣವೂ ಅವನದೇ, ಆ ದಾರವೂ ಅವನದೇ!

ಐಮಂಗಲದ ಹೆದ್ದಾರಿಗೆ ಕೂಗಳತೆಯಲ್ಲಿದ್ದ ಆ ಹಟ್ಟಿಯಲ್ಲಿ ಮನೆದೇವರ ಪೂಜೆ ಕಾಟಯ್ಯನ ಅಣ್ಣ ಎತ್ತಪ್ಪನದು. ಅಂದು ಎತ್ತಪ್ಪನಿಗೆ ಜ್ವರ. ಹಾಗಾಗಿ ತಮ್ಮ ಮೊದಲ ಸಲ ಪೂಜೆಗೆ ನಿಂತಿದ್ದ. ನಿಲ್ಲದೇ ಇದ್ದಿದ್ದರೆ ಚೆನ್ನಾಗಿತ್ತೇನೋ!

ಈ ಕಾಟಯ್ಯ ಬರೀ ಕುರಿ ಕಾಯುವವನೆಂದು ತಿಳಿಯಬೇಡಿ. ಹುಡುಗನಾಗಿದ್ದಾಗ ಅವನ ಕೊಳಲು ಕೇಳಿ, ಆ ಉಸಿರಿನ ಉದ್ದಕ್ಕೆ ಬೆರಗಾದ ಬ್ಯಾಂಡ್ ಮೇಷ್ಟ್ರೊಬ್ಬರು ಮೈಸೂರಿಗೆ ಕರೆದೊಯ್ದು ಕೈಗೆ ಬಸೂನ್ ಕೊಟ್ಟಿದ್ದರು. ಎದೆಯೆತ್ತರದ ಮರದ ವಾದ್ಯ ಅದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮಂದ್ರ ಸ್ವರಗಳು ಅದರ ಪಾಲು. ದೊಡ್ಡ ದೊಡ್ಡ ಸಭೆಗಳಲ್ಲಿ ಕರಿಕೋಟು ತೊಟ್ಟು ಊದಿ ಬಂದವನನ್ನು ಹಟ್ಟಿಯವರು, ಒಲೆ ಮುಂದಿನ ಊದುಗೊಳವೆಗೆ ಇಷ್ಟು ದೂರ ಹೋಗಬೇಕಿತ್ತಾ ಎಂದು ಛೇಡಿಸುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಅಪ್ಪನಿಲ್ಲದ ಆ ಮನೆಯಲ್ಲಿ ಅಂದು ತಮ್ಮನನ್ನು ಹೆಗಲ ಮೇಲೆ ಹೊತ್ತು ಮೈಸೂರಿನ ಬಸ್ಸು ಹತ್ತಿಸಿದವನು ಎತ್ತಪ್ಪನೇ. ತಮ್ಮನ ಪಾಲಿನ ಕುರಿಗಳನ್ನೂ ಅವನೇ ಕಾದ.

ಎಪ್ಪತ್ತಮೂರನೇ ಇಸವಿಯಲ್ಲಿ ಮೈಸೂರಿನ ಆ ವಾದ್ಯವೃಂದ ಮುಚ್ಚಿಹೋಯಿತು. ಕಾಟಯ್ಯ ಪೆಟ್ಟಿಗೆ ಹೊತ್ತು ಊರಿಗೆ ಬಂದ. ಮರುವರ್ಷವೇ ಮುಂಬಯಿಯ ವಾದ್ಯವೃಂದವೊಂದು ಬಸೂನ್ ಊದುವವನಿಗಾಗಿ ಹುಡುಕಿ ಅವನನ್ನೇ ಕರೆಯಿತು. ಅವನು ಬದುಕಿನಲ್ಲಿ ಆಸೆಪಟ್ಟದ್ದು ಅದೊಂದನ್ನೇ. ಆದರೆ ಹಾಸಿಗೆ ಹಿಡಿದಿದ್ದ ತಾಯಿ ಜುಂಜಮ್ಮ, ದೇವರನ್ನು ಕೇಳದೆ ಹೊಸ್ತಿಲು ದಾಟಬೇಡವೆಂದು ಆಣೆಯಿಟ್ಟಳು.

ಕೇಳುವುದೆಂದರೆ ಹೂವಿಟ್ಟು ಕೇಳುವುದು. ಪೂಜಾರಿ ದೇವರ ಎರಡು ಭುಜದ ಮೇಲೂ ಒಂದೊಂದು ಹೂವಿಡುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಅಂದು ಎತ್ತಪ್ಪ ಹೂವಿಟ್ಟ. ಹಟ್ಟಿಯೆಲ್ಲ ಕೈಮುಗಿದು ಕಾದಿತ್ತು. ಎಡಗಡೆಯ ಹೂ ಬಿತ್ತು. ಬಲಗಡೆಯದು ಮಿಸುಕಲಿಲ್ಲ. ದೇವರೇ ಬೇಡವೆಂದ ಮೇಲೆ ಯಾರ ಜೊತೆ ಜಗಳವಾಡುವುದು? ಕಾಟಯ್ಯ ಕುರಿರೊಪ್ಪದಲ್ಲಿ ಮುಖ ಮುಚ್ಚಿಕೊಂಡು ಅತ್ತ, ಕಣ್ಣೊರೆಸಿಕೊಂಡು ಕೋಲು ಹಿಡಿದ. ಮುಂಬಯಿಯವರು ಬೇರೊಬ್ಬನನ್ನು ತೆಗೆದುಕೊಂಡರು.

ಕೆಲವು ವರ್ಷ ಕಳೆದ ಮೇಲೆ, ಈಗ ಬೆರಳ ಮೇಲೆ ಈ ಮೇಣ! ಬಸೂನನ್ನು ಬಿಡಿಬಿಡಿಯಾಗಿ ಬಿಚ್ಚಿ ಜೋಡಿಸಬೇಕು. ಕೂಡುವ ತುದಿಗಳಲ್ಲಿ ಗಾಳಿ ಸೋರದಂತೆ ಕಾಟಯ್ಯ ಕೆಂಪು ದಾರ ಸುತ್ತಿ ಮೇಣ ಸವರುತ್ತಿದ್ದ. ಆ ಮೇಣದುಂಡೆ ಇರುತ್ತಿದ್ದುದು ಅಟ್ಟದ ಮೇಲಿನ ವಾದ್ಯದ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತೆರೆಯುವ ಬಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ. ತಮ್ಮನೇ ಅಕ್ಕರೆಯಿಂದ ಕಲಿಸಿಕೊಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು...

ಮನೆಗೆ ಬಂದವನು ಅಣ್ಣ ಮಲಗಿದ್ದ ಕಂಬಳಿಯ ಮೇಲೆ ಮೇಣವನ್ನಿಟ್ಟ. ಎತ್ತಪ್ಪ ಅದನ್ನು ನೋಡಿದ, ತಮ್ಮನ ಮುಖ ನೋಡಿದ, ಗೋಡೆಯ ಕಡೆ ತಿರುಗಿಕೊಂಡ.

"ಹೌದಪ್ಪ, ನಾನೇ ಅಂಟಿಸಿದ್ದು," ಎಂದ ಕೊನೆಗೆ. "ಅವ್ವನ್ನ ನೆಪ ಮಾಡ್ಕಂಡೆ. ಅವ್ವಗಲ್ಲ, ನನಗೇ ನೀನು ಬೇಕಾಗಿದ್ದೆ. ಅಷ್ಟು ವರ್ಷ ಕುರಿ ಹಿಂದೆ ಒಬ್ನೇ ತಿರುಗಿದ್ದೆ. ನೀನು ಬಂದ ಮ್ಯಾಲೆ ಕುಂತು ಮಾತಾಡಾಕೆ ಒಂದು ಜೀವ ಐತೆ ಅನ್ನಿಸ್ತು. ಈ ಸಲ ಹೋದ್ರೆ ನೀನು ತಿರುಗಿ ಬರಾಂಗಿಲ್ಲ ಅಂತ..."

ಬೈದಿದ್ದರೆ, ಹೊಡೆದಿದ್ದರೆ ಎತ್ತಪ್ಪನಿಗೆ ಹಗುರವಾಗುತ್ತಿತ್ತು. ಕಾಟಯ್ಯ ಕಂಬಳಿಯ ಅಂಚಿನಲ್ಲಿ ಕುಳಿತು ಕೇಳಿದ.

"ನೀನೇ ಬಾಯಿಬಿಟ್ಟು ಬ್ಯಾಡ ಅಂದಿದ್ರೆ ಉಳೀತಿದ್ದೆ ಅಣ್ಣ. ದೇವ್ರ ಬಾಯಾಗೆ ಯಾಕೆ ಹೇಳಿಸ್ದೆ?"

ಒಳಗಿನಿಂದ ತಾಯಿ ಏನು ಗದ್ದಲವೆಂದು ಕೇಳಿದಳು. ಮಗನನ್ನು ದೇವರೇ ತನಗಾಗಿ ಉಳಿಸಿಕೊಟ್ಟನೆಂದು ಬಂದವರಿಗೆಲ್ಲ ಹೇಳಿಕೊಂಡು ಬದುಕಿದ್ದ ಜೀವ ಅದು. ಹಟ್ಟಿಯಲ್ಲಿ ಎಷ್ಟೋ ಮದುವೆಗಳು, ಎಷ್ಟೋ ವ್ಯಾಜ್ಯಗಳು ಆ ಹೂವಿನ ಮೇಲೆ ತೀರ್ಮಾನವಾಗಿದ್ದವು. ಒಂದು ಮಾತು ಹೊರಬಿದ್ದರೆ ಎಲ್ಲವೂ ಕುಸಿಯುತ್ತಿತ್ತು. ಕಾಟಯ್ಯ ಒಳಮನೆಯ ಕಡೆ ತಿರುಗಿ, ಏನಿಲ್ಲವ್ವ, ಅಣ್ಣನ ಜ್ವರ ಇಳಿದಿದೆಯಾ ಅಂತ ನೋಡುತ್ತಿದ್ದೆ ಎಂದ. ಮೇಣವನ್ನೆತ್ತಿ ಪೆಟ್ಟಿಗೆಗೆ ಹಾಕಿದ, ಪೆಟ್ಟಿಗೆ ಮತ್ತೆ ಅಟ್ಟ ಸೇರಿತು.

ಜ್ವರ ಬಿಟ್ಟ ಮೇಲೂ ಎತ್ತಪ್ಪ ದೇವರನ್ನು ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಗುಡಿಗೆ ಬಂದ. ನೀನೇ ಹೂವಿಡು ಎಂದು ಕೇಳಿಕೊಂಡು ಹೊಸ್ತಿಲಾಚೆ ಮಂಡಿಯೂರಿದ.

"ನನ್ನ ತಪ್ಪಿಗೆ ಕ್ಷಮೆ ಐತಾ, ಕೇಳು," ಎಂದ. ಗಡ್ಡದ ಮೇಲೆಲ್ಲ ಕಣ್ಣೀರು.

ಕಾಟಯ್ಯ ಕೈ ತೊಳೆದು ಒರೆಸಿಕೊಂಡ. ಎರಡೂ ಭುಜಗಳನ್ನು ಒಣಬಟ್ಟೆಯಿಂದ ಒರೆಸಿ ಕಣಗಿಲೆ ಹೂಗಳನ್ನು ಮೆಲ್ಲಗಿಟ್ಟು ಹಿಂದೆ ಸರಿದ. ಅಣ್ಣತಮ್ಮಂದಿರು ಹೂಗಳನ್ನೇ ನೋಡುತ್ತಿದ್ದರು. ಹೆದ್ದಾರಿಯಲ್ಲೊಂದು ಲಾರಿ ದಾಟಿಹೋಯಿತು. ಬಲಗಡೆಯ ಹೂ ಉರುಳಿ ಬಿತ್ತು.

ಎತ್ತಪ್ಪ ಬಿಕ್ಕಿಬಿಕ್ಕಿ ಅತ್ತ. ಕಾಟಯ್ಯ ಬಿದ್ದ ಹೂವನ್ನೆತ್ತಿ ಅಣ್ಣನ ಬೊಗಸೆಗಿಟ್ಟ.

"ದೇವ್ರು ಕ್ಷಮಿಸೈತೆ ಅಣ್ಣ," ಎಂದ. "ನನ್ನ ಮಾತ್ರ ಈಗ್ಲೇ ಕೇಳಬ್ಯಾಡ."

ಕುರಿ ಬಿಡುವ ಹೊತ್ತಾಗಿತ್ತು. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ರೊಪ್ಪದ ಕಡೆ ನಡೆದ.