ತೊರೆನಾಡಿನ ವೀಳ್ಯ

ಕೇತಕಾಪುರದ ಏಳು ಕೊತ್ತಲಗಳ ಮೇಲೂ ಅಂದು ಬೆಳಗಿನಿಂದಲೇ ನಗಾರಿ ಮೊಳಗುತ್ತಿತ್ತು. ರಾಜಬೀದಿಗೆ ನೀರು ಚಿಮುಕಿಸಿ ತಳಿರುತೋರಣ ಕಟ್ಟಿದ್ದರು. ಹೂವಾಡಗಿತ್ತಿಯರು ಸುರಗಿಯ ಮಾಲೆಗಳನ್ನು ಹೊತ್ತು ಅರಮನೆಯತ್ತ ಧಾವಿಸುತ್ತಿದ್ದರು. ಬಹುಕಾಲ ಬರಿದಾಗಿದ್ದ ಮಹಾಪ್ರಧಾನ ಪದವಿಗೆ ತರುಣ ಅರಸ ಇಂದರಸನು ಆ ದಿನ ವೀಳ್ಯ ಕೊಡುವವನಿದ್ದನು. ಆದರೆ ಊರ ತುಂಬ ಹಬ್ಬಿದ್ದುದು ಬೇರೊಂದು ವೀಳ್ಯದ ಮಾತು.

ಪರರಾಜ್ಯಗಳೊಡನೆ ಸಂಧಾನ ನಡೆಸುವ ಸಂಧಿವಿಗ್ರಹಿ ಸೋವರಸನು ಇಪ್ಪತ್ತು ವರ್ಷ ತನ್ನ ತಂತ್ರಬಲದಿಂದ ಅನ್ಯರನ್ನು ಪದವಿಗೇರಿಸಿದವನು. ಈ ಸಲ ತನಗೇ ಬೇಕೆಂದು ಆಸೆಪಟ್ಟಿದ್ದನು. ಪಡಲಿ ಬಿಡಿ, ಯೋಗ್ಯತೆಯೇನು ಕಡಿಮೆಯೇ! ಹನ್ನೆರಡು ಸಾಮಂತರಲ್ಲಿ ಹತ್ತು ಮಂದಿ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಅವನ ಕೊಡೆಯಾಳು ಬಾಯಿಬಿಟ್ಟನು: ಸಂಧಾನಕ್ಕೆ ಹೋದಾಗ ತೊರೆನಾಡಿನ ಬಿಡಾರದಲ್ಲಿ ಸಂಧಿವಿಗ್ರಹಿಗಳು ಶತ್ರು ಮಂಡಲೇಶ್ವರನ ಕೈಯಿಂದ ವೀಳ್ಯ ತೆಗೆದುಕೊಂಡು ಮೆದ್ದರಂತೆ! ಒಡೆಯನ ಕೈವೀಳ್ಯ ಮೆಲ್ಲುವುದೆಂದರೆ ಅವನ ಊಳಿಗ ಒಪ್ಪಿಕೊಂಡಂತೆ. ಹತ್ತು ಮಂದಿ ಸಾಮಂತರೂ ಅವನ ಮನೆಯ ದಾರಿಯನ್ನೇ ಮರೆತರು.

ತುಂಬಿದ ಸಭೆಯಲ್ಲಿ ದಂಡನಾಯಕ ಕಾಳಿಮಯ್ಯನು ಎದ್ದುನಿಂತನು.

“ಸಂಧಿವಿಗ್ರಹಿಗಳೇ, ಆ ವೀಳ್ಯ ತಾವು ಮೆದ್ದದ್ದು ಹೌದೋ ಅಲ್ಲವೋ?”

“ಹೌದು, ದಂಡನಾಯಕರೇ.”

“ಆಗ ಜೊತೆಯಲ್ಲಿ ಯಾರಿದ್ದರು?”

ಬಾಗಿಲ ಬಳಿಯಿಂದ ಕೊಡೆಯಾಳು ನುಡಿದನು: “ಎಲೆಯಡಕೆಯ ಚೀಲ ಹೊತ್ತ ಅಡಪದವನೊಬ್ಬ, ಬುದ್ಧಿ. ಮೀಸೆಯಿಲ್ಲದವ. ಹೊಸಬ.”

ಸೋವರಸನು ಸಿಂಹಾಸನದತ್ತ ನೋಡಲಿಲ್ಲ. ಶತ್ರುವಿನ ಬಲವನ್ನು ಕಣ್ಣಾರೆ ಕಾಣುವೆನೆಂದು ಹಟ ಹಿಡಿದು, ಮೀಸೆ ಬೋಳಿಸಿ, ಅಡಪದವನ ವೇಷದಲ್ಲಿ ಬಂದಿದ್ದವನು ಸ್ವತಃ ಇಂದರಸನೇ. ವಾಸನೆ ಹಿಡಿದ ಮಂಡಲೇಶ್ವರನು ಕುಹಕದಿಂದ ವೀಳ್ಯ ಚಾಚಿದ್ದು ಆ ಅಡಪದವನಿಗೇ! ಕೊಂಡರೆ ರಾಜ್ಯವೇ ಅಡಿಯಾಳು. ಒಲ್ಲೆನೆಂದರೆ ಗುಟ್ಟು ಬಯಲಾಗಿ ತಲೆ ಉಳಿಯದು. “ಆಳಿಗೇಕೆ ಪ್ರಭು, ಆಸೆ ನನ್ನದು,” ಎಂದು ಸೋವರಸನು ನಡುವೆ ಕೈಯೊಡ್ಡಿ ಅದನ್ನು ತನ್ನ ಬಾಯಿಗಿಟ್ಟುಕೊಂಡಿದ್ದನು. ಹಗೆಯ ಬಿಡಾರದಲ್ಲಿ ಆಳಾಗಿ ನಿಂತ ಅರಸನಿಗೆ ಗಡಿಯಲ್ಲಿ ಯಾರು ಅಂಜಿಯಾರೆಂದು, ಮೌನವಾಗಿರುವಂತೆ ಅರಸನನ್ನು ಬೇಡಿಕೊಂಡವನೂ ಅವನೇ.

“ಕಾರಣವೇನು?” ಕಾಳಿಮಯ್ಯನು ಗುಡುಗಿದನು.

“ಆಸೆ,” ಎಂದನು ಸೋವರಸ.

ಸಭೆಯೆಲ್ಲ ಛೀ ಎಂದಿತು. ಅವನು ಮುದ್ರೆಯುಂಗುರವನ್ನು ಕಳಚಿಟ್ಟು ಬಾಗಿಲತ್ತ ನಡೆದನು. ಅಬ್ಬಾ, ಆ ಇಪ್ಪತ್ತು ಹೆಜ್ಜೆಯ ಸಂಕಟ ಹಗೆಯವನಿಗೂ ಬೇಡ! ಹಿಂದೆ ಯಾರೋ ಬರುವ ಸಪ್ಪಳವಾಯಿತು. ಅವನು ತಿರುಗಿ ನೋಡಿದನು.

ಇಂದರಸನು ಸಿಂಹಾಸನದಿಂದಿಳಿದು, ಪಕ್ಕದಲ್ಲಿದ್ದ ಅಡಪದವನ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು, ತಲೆ ತಗ್ಗಿಸಿ ಅವನ ಬೆನ್ನ ಹಿಂದೆ ನಿಂತಿದ್ದನು.

“ಅಯ್ಯಯ್ಯೋ, ಇವರೇ! ಅಂದು ನಿಂತಿದ್ದವರು ಇವರೇ!” ಕೊಡೆಯಾಳು ಚೀರಿದನು.

ಅರಸನ ಇನ್ನೂ ಸರಿಯಾಗಿ ಚಿಗುರದ ಮೀಸೆಯನ್ನು ಕಂಡು ಕಾಳಿಮಯ್ಯನು ಎರಡು ಹೆಜ್ಜೆ ಹಿಂದೆ ಸರಿದನು.

“ಬೇಡ ಪ್ರಭು! ಗಡಿಯಾಚೆ ನಗುತ್ತಾರೆ,” ಎಂದು ಸೋವರಸನು ಅಂಗಲಾಚಿದನು.

“ನಗಲಿ. ಅಂದು ನನ್ನ ಪಾಲಿನ ವೀಳ್ಯ ನೀವು ಮೆದ್ದಿರಿ. ಇಂದು ನಿಮ್ಮ ಪಾಲಿನದನ್ನು ಕೊಳ್ಳಿ.” ಅರಸನು ಚೀಲದಿಂದ ವೀಳ್ಯವನ್ನು ತೆಗೆದು ಚಾಚಿದನು.

ಸೋವರಸನು ಅದನ್ನು ಕಣ್ಣಿಗೊತ್ತಿಕೊಂಡನು. ಆಮೇಲೆ ಕಾಳಿಮಯ್ಯನ ಬಳಿಗೆ ನಡೆದನು.

“ಸುದ್ದಿ ಇಂದೇ ಗಡಿ ದಾಟುತ್ತದೆ, ದಂಡನಾಯಕರೇ. ತೊರೆನಾಡು ಸುಮ್ಮನಿರದು. ಇನ್ನು ಪ್ರಭುಗಳಿಗೆ ಮಹಾಪ್ರಧಾನನಾಗಿ ಬೇಕಾದವನು ಮಾತುಗಾರನಲ್ಲ, ಕಾದುವವನು. ತೆಗೆದುಕೊಳ್ಳಿ.”

ಕಾಳಿಮಯ್ಯನು ಮೊಣಕಾಲೂರಿ ಎರಡೂ ಕೈ ಒಡ್ಡಿದನು. ವೀಳ್ಯವನ್ನು ಬಿಡಲು ಸೋವರಸನ ಬೆರಳುಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು.