ಪರೀಕ್ಷೆಯ ಬಾಗಿಲಲ್ಲಿ ಉಳಿದ ಚಪ್ಪಲಿ

೧೯೬೧ನೇ ಇಸವಿ ನವೆಂಬರ್ ೧೭, ಶುಕ್ರವಾರ. ಹನ್ನೊಂದು ಗಂಟೆ ಹೊಡೆಯುವ ಮುಂಚೆಯೇ ಶಿವಮೊಗ್ಗದ ಪೇಟೆ ಠಾಣೆಯ ಮೆಟ್ಟಿಲನ್ನು ಯುವಕನೊಬ್ಬ ಎರಡೆರಡಾಗಿ ಹತ್ತಿ ಬಂದ. ದಫೇದಾರ್ ಬಾಬು ಸಾಬ್ ಆಗಷ್ಟೇ ವೀಳ್ಯದೆಲೆಗೆ ಸುಣ್ಣ ಸವರಿದ್ದರು. ಅದನ್ನು ಬಾಯಿಗಿಡುವ ಯೋಗ ಅವತ್ತು ಅವರ ಹಣೆಯಲ್ಲಿ ಬರೆದಿರಲಿಲ್ಲ.

"ಸಾಹೇಬ್ರೇ, ಪರೀಕ್ಷೆ ಹಾಲ್‌ನಲ್ಲಿ ನಾನು ಆಗ್ಲೇ ಕೂತಿದೀನಂತೆ!"

"ಏನಂದೆ?"

"ನಾನು ಒಳಗೆ ಕೂತು ಬರೀತಿದೀನಂತೆ. ಹಂಗಾದ್ರೆ ಇಲ್ಲಿ ನಿಂತಿರೋನು ಯಾರು?"

ಬಾಬು ಸಾಬ್ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಕುಡಿದ ವಾಸನೆ ಇರಲಿಲ್ಲ. ಒಳಗಿನಿಂದ ಸಬ್ ಇನ್‌ಸ್ಪೆಕ್ಟರ್ ಮೂರ್ತಪ್ಪನವರ ದನಿ ಬಂತು: "ಕೂರಿಸ್ರೀ ಅವನನ್ನ. ಮೊದಲು ನೀರು ಕೊಡಿ."

ನೀರು ಕುಡಿದ ಮೇಲೆ ಮಾತಿಗೆ ತಲೆ ಬುಡ ಸಿಕ್ಕಿತು. ಹೆಸರು ಅಬ್ಬಾಸ್ ಅಲಿ. ಊರಿನ ಒಂದು ಎಣ್ಣೆ ಗಿರಣಿಯಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸ. ಬಾಯ್ಲರನ್ನು ಸ್ವತಂತ್ರವಾಗಿ ನಡೆಸಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದಿರಬೇಕು. ಆ ಪರೀಕ್ಷೆ ಇಲ್ಲಿ ವರ್ಷಕ್ಕೊಂದೇ ಸಲ. ಇವತ್ತು ಬರವಣಿಗೆ, ನಾಳೆ ಬಾಯಿ ಪ್ರಶ್ನೆ. ಸರ್ಟಿಫಿಕೇಟ್ ತಂದರೆ ಬಾಯ್ಲರ್ ನಿನ್ನದು, ಇಲ್ಲದಿದ್ದರೆ ಬೇರೆಯವನನ್ನು ಇಡುತ್ತೇನೆ ಎಂದು ಗಿರಣಿಯ ಯಜಮಾನರು ಹೇಳಿಬಿಟ್ಟಿದ್ದರು.

"ಹಾಲ್ ಟಿಕೆಟ್ ಎಲ್ಲಿ?" ಮೂರ್ತಪ್ಪ ಕೇಳಿದರು.

"ನಿನ್ನೆ ಭದ್ರಾವತಿಗೆ ಅಕ್ಕನ ಮನೆಗೆ ಹೋಗಿದ್ದೆ ಸಾರ್. ಅಲ್ಲೇ ಕಳೀತು."

"ಯಾರಿಗಾದ್ರೂ ತೋರಿಸಿದ್ದೆಯಾ?"

ಅಬ್ಬಾಸ್ ತಲೆ ತಗ್ಗಿಸಿದ. "ಹೋಟೆಲಲ್ಲಿ ಟೀ ಕುಡೀತಾ... ಎಲ್ಲಾರಿಗೂ ತೋರಿಸ್ದೆ."

"ಭೇಷ್!" ಎಂದರು ಬಾಬು ಸಾಬ್.

ಬೆಳಿಗ್ಗೆ ಅಲ್ಲೆಲ್ಲ ಹುಡುಕಿ ಬರುವಷ್ಟರಲ್ಲಿ ತಡವಾಗಿತ್ತು. ನಂಬರಾದರೂ ನೆನಪಿದೆಯಲ್ಲ ಎಂದು ಬಾಗಿಲಲ್ಲಿ ಹೇಳಿದರೆ, ಆ ನಂಬರಿನವನು ಒಳಗಿದ್ದಾನೆ ಎಂಬ ಉತ್ತರ ಬಂತು. ಇವನು ಕೂಗಾಡಿದ. ಗುಮಾಸ್ತ ಒಳಗೆ ಹೋಗಿ ನೋಡುವಾಗ ಬೆಂಚು ಖಾಲಿ, ಹಿಂದಿನ ಕಿಟಕಿ ತೆರೆದಿತ್ತು. ಮೂರ್ತಪ್ಪ ಎಫ್.ಐ.ಆರ್. ದಾಖಲಿಸಿ ಟೋಪಿ ಎತ್ತಿಕೊಂಡರು.

ಪರೀಕ್ಷೆ ನಡೆಯುತ್ತಿದ್ದದ್ದು ಒಂದು ಹೈಸ್ಕೂಲಿನಲ್ಲಿ. ಬಾಗಿಲಿಗೆ ನಿಯಮಗಳ ಹಾಳೆ ಅಂಟಿಸಿದ್ದರು. ಹಾಲ್ ಟಿಕೆಟ್ ತೋರಿಸತಕ್ಕದ್ದು. ಚಪ್ಪಲಿ, ಕೊಡೆ, ಚೀಲ ಹೊರಗೆ ಬಿಡತಕ್ಕದ್ದು. ಅರ್ಧ ಗಂಟೆ ಕಳೆದ ಮೇಲೆ ಯಾರನ್ನೂ ಒಳಗೆ ಬಿಡತಕ್ಕದ್ದಲ್ಲ. ಅದರ ಪಕ್ಕದಲ್ಲೇ ಗುಮಾಸ್ತ ಗೋವಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಮುಖ ನೋಡಲಿಲ್ವೇನ್ರೀ?"

"ಟಿಕೆಟ್ ನೋಡು ಅಂತ ರೂಲ್ ಇದೆ ಸಾರ್. ಮುಖ ನೋಡು ಅಂತ ಇಲ್ಲ."

"ಹೇಗಿದ್ದ?"

"ಎಲ್ಲರ ಹಾಗೇ ಇದ್ದ ಸಾರ್."

ಬಾಬು ಸಾಬರಿಗೆ ನಗು ಬಂತು, ನುಂಗಿಕೊಂಡರು. ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಶ್ರೀನಿವಾಸಮೂರ್ತಿ ಮಾತ್ರ ನಗುವ ಪೈಕಿ ಅಲ್ಲ. ಓಡಿಹೋದವನ ಉತ್ತರಪತ್ರಿಕೆ ಅವರ ಕೈಯಲ್ಲಿತ್ತು. ಯಾರ ಪತ್ರಿಕೆಯೆಂದು ಮಾರ್ಕು ಹಾಕುವವರಿಗೆ ತಿಳಿಯಬಾರದೆಂದು ಹೆಸರನ್ನು ಮೂಲೆಯಲ್ಲಿ ಬರೆಸಿ, ಮಡಿಸಿ, ಗೋಂದು ಹಚ್ಚಿ ಅಂಟಿಸುವ ಪದ್ಧತಿ.

"ಅದನ್ನ ಬಿಚ್ಚಬಹುದಾ?" ಮೂರ್ತಪ್ಪ ಕೇಳಿದರು.

"ಮಾರ್ಕು ಹಾಕೋ ತನಕ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೂ ಏನಿರುತ್ತೆ? ಈ ಹುಡುಗನ ಹೆಸರೇ."

ಅದೂ ನಿಜವೇ ಅನ್ನಿಸಿತು ಇಬ್ಬರಿಗೂ. ಪೊಲೀಸರ ಬುದ್ಧಿಯೂ ಒಂದೊಂದು ಸಲ ಊಟಕ್ಕೆ ಹೋಗಿರುತ್ತದೆ.

"ಇನ್ನೊಂದು ಮಾತು," ಎಂದರು ಪರೀಕ್ಷಕರು. "ಈ ಹುಡುಗನೇ ಬೇರೆಯವನನ್ನ ಕೂರಿಸಿ, ಆಮೇಲೆ ಹೆದರಿ ನಾಟಕ ಆಡ್ತಿರಬಹುದು. ಇವನ ಕೈವಾಡ ಇಲ್ಲ ಅಂತ ನೀವು ಬರೆದುಕೊಟ್ರೆ ನಾಳೆ ಬೆಳಿಗ್ಗೆ ಎಂಟಕ್ಕೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಬರೆಸ್ತೀನಿ. ಇಲ್ಲದಿದ್ರೆ ಮೂರು ವರ್ಷ ಪರೀಕ್ಷೆಗೇ ಬರೋ ಹಾಗಿಲ್ಲ."

ಅಬ್ಬಾಸ್ ಅಲಿಯ ಮುಖ ಬಿಳಿಚಿಕೊಂಡಿತು. ಅಯ್ಯೋ ಪಾಪ ಎನ್ನಿಸಿತು ಬಾಬು ಸಾಬರಿಗೆ. ಇಂಥ ಬಾಯಿಬಡುಕ ಗುಟ್ಟಾಗಿ ಮೋಸ ಮಾಡಿಯಾನೇ? ಆದರೆ ಪಾಪ ಎನ್ನಿಸಿದ್ದನ್ನು ಬರೆದುಕೊಟ್ಟರೆ ಪರೀಕ್ಷಕರು ಒಪ್ಪುವುದಿಲ್ಲ. ಜಗಲಿಯ ಮೇಲೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ಸುಮ್ಮನೆ ನೋಡುತ್ತ ನಿಂತರು. ಜುಮ್ಮಾ ನಮಾಜಿನ ಹೊತ್ತು ಹತ್ತಿರವಾಗುತ್ತಿತ್ತು. ಆಗಲೇ ಅವರಿಗೆ ಅದು ಹೊಳೆಯಿತು.

"ಸಾರ್, ಕೊನೇ ಬೆಲ್ ಹೊಡೆಯೋ ತನಕ ಕಾಯೋಣ."

"ಯಾಕ್ರೀ?"

"ಮಸೀದಿ ಬಾಗಿಲಲ್ಲಿ ನನ್ನ ಹೊಸಾ ಜೋಡು ಹೋದಾಗ ಹಿಂಗೇ ಕಾದಿದ್ದೆ. ಎಲ್ಲಾರೂ ಹೋದ ಮೇಲೆ ಒಂದು ಹಳೇ ಜೋಡು ಉಳೀತು. ಅದರ ಯಜಮಾನನ ಕಾಲಲ್ಲೇ ನನ್ನದು ಸಿಕ್ತು. ಇವನು ಕಿಟಕಿ ಹಾರಿ ಹೋಗಿದಾನೆ ಸಾರ್. ಚಪ್ಪಲಿಗೆ ಈ ಕಡೆ ಬರಲಿಲ್ಲ."

ಮೂರ್ತಪ್ಪ ಅವರ ಬೆನ್ನು ತಟ್ಟಿದರು.

ಒಂದು ಗಂಟೆಗೆ ಬೆಲ್ ಆಯಿತು. ಬರೆದವರೆಲ್ಲ ಗಲಾಟೆ ಮಾಡುತ್ತ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದರು. ಜಗಲಿಯಲ್ಲಿ ಒಂದೇ ಒಂದು ಜೊತೆ ಉಳಿಯಿತು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು: ಗಂಡಸರ ಚಪ್ಪಲಿ ಒಂದು ಜೊತೆ, ಅಟ್ಟೆ ಯಂತ್ರದ ಹಳೇ ಬೆಲ್ಟಿನದು, ಮೇಲಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಸುಟ್ಟ ತೂತುಗಳು.

"ಇದು ಬಾಯ್ಲರ್ ಮುಂದೆ ನಿಲ್ಲೋನ ಚಪ್ಪಲಿ ಸಾರ್," ಎಂದ ಅಬ್ಬಾಸ್. "ಕೆಂಡ ಸಿಡಿದ್ರೆ ಹಿಂಗೇ ತೂತು ಬೀಳೋದು. ನನ್ನದು ನೋಡಿ." ಅವನು ಕಾಲು ಮುಂದಿಟ್ಟ. ಅದರಲ್ಲೂ ಅಂಥವೇ ತೂತುಗಳು.

ಮೂರ್ತಪ್ಪನವರ ಹುಬ್ಬು ಗಂಟಾಯಿತು. "ಅಂದ್ರೆ ನಿನ್ನ ಕಸುಬಿನವನೇ. ನಿನ್ನ ಸ್ನೇಹಿತನಾ?"

"ಅಲ್ಲಾನ ಆಣೆ, ಅಲ್ಲ ಸಾರ್!"

ತಮ್ಮ ತಲೆ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುವವರೂ ಇರುತ್ತಾರಲ್ಲಪ್ಪ, ಎಂದುಕೊಂಡರು ಬಾಬು ಸಾಬ್. "ನೀನು ಟೀ ಕುಡಿದ ಹೋಟೆಲಿನ ಎದುರಿಗೆ ಏನಿದೆ?" ಎಂದು ಕೇಳಿದರು.

"ಅಕ್ಕಿ ಗಿರಣಿ. ಅಲ್ಲೂ ಬಾಯ್ಲರ್ ಇದೆ ಸಾರ್."

ಜೀಪು ಭದ್ರಾವತಿಯ ಕಡೆ ಹೊರಟಿತು. ಬಾಬು ಸಾಬರ ತೊಡೆಯ ಮೇಲೆ ಹಳೇ ಪೇಪರಿನಲ್ಲಿ ಸುತ್ತಿದ ಚಪ್ಪಲಿ. "ಕಳ್ಳರನ್ನ ಹೊತ್ತು ತಂದಿದೀನಿ ಸಾರ್. ಚಪ್ಪಲಿ ಹೊತ್ಕೊಂಡು ತಿರುಗಿದ್ದು ಇದೇ ಮೊದಲು. ಅದೂ ಜುಮ್ಮಾ ಬಿಟ್ಟು," ಎಂದು ದಾರಿಯುದ್ದಕ್ಕೂ ಗೊಣಗಿದರು. ಮೂರ್ತಪ್ಪ ಕೇಳಿಸದವರಂತೆ ಕೂತಿದ್ದರು.

ಗಿರಣಿಯ ಹಿಂಭಾಗದಲ್ಲಿ ಬಾಯ್ಲರ್ ಉರಿಯುತ್ತಿತ್ತು. ನೆಲದ ತುಂಬ ಬಿಸಿ ಬೂದಿ, ಅಲ್ಲಲ್ಲಿ ಕೆಂಡ. ಇಬ್ಬರು ಕೆಲಸದಲ್ಲಿದ್ದರು. ಅವರಲ್ಲಿ ನಲವತ್ತರ ಆಸುಪಾಸಿನ ಒಬ್ಬ ಜಾಗ ನೋಡಿ ನೋಡಿ ಕಾಲಿಡುತ್ತಿದ್ದ. ಬರಿಗಾಲು.

ಮೂರ್ತಪ್ಪ ಬಾಯಿ ತೆರೆಯುವ ಮೊದಲೇ ಬಾಬು ಸಾಬ್ ಮುಂದೆ ಹೋಗಿ, ಪೇಪರು ಬಿಚ್ಚಿ, ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟರು.

"ಹಾಕ್ಕೊಳ್ಳಪ್ಪ. ಕಾಲು ಸುಡುತ್ತೆ."

ಅವನು ಎರಡೂ ಕಾಲು ತೂರಿಸಿದ. ಅಮ್ಮಯ್ಯಾ ಎಂದು ಉಸಿರು ಬಿಟ್ಟ. ಆಮೇಲೆ ತಲೆಯೆತ್ತಿ ಖಾಕಿ ಬಟ್ಟೆ ನೋಡಿದ, ಮತ್ತೆ ಕಾಲು ನೋಡಿಕೊಂಡ. ಕೈಯಲ್ಲಿದ್ದ ಸಲಿಕೆ ಕೆಳಗೆ ಬಿತ್ತು.

"ಹೆಸರು?" ಮೂರ್ತಪ್ಪ ಕೇಳಿದರು.

"ಮಾರಪ್ಪ."

"ಬೆಳಿಗ್ಗೆ ಎಲ್ಲಿದ್ದೆ?"

"ಶಿವಮೊಗ್ಗದಲ್ಲಿ ಸಾರ್. ಸುಳ್ಳು ಯಾಕೆ ಹೇಳ್ಲಿ. ಟಿಕೆಟ್ ಹೋಟೆಲ್ ಬೆಂಚಿನ ಕೆಳಗೆ ಬಿದ್ದಿತ್ತು. ಕೊಡೋಕೇ ಹೋಗಿದ್ದೆ. ಬಾಗಿಲಲ್ಲಿ ಕಾದೆ, ಅವನು ಬರಲೇ ಇಲ್ಲ. ಬೆಲ್ ಆಯ್ತು. ಗುಮಾಸ್ತರು ನನ್ನ ಕೈಲಿ ಟಿಕೆಟ್ ನೋಡಿ, 'ಏನ್ ಮಾರಾಯ, ಗರ ಬಡಿದ ಹಾಗೆ ನಿಂತಿದ್ದೀಯ, ಚಪ್ಪಲಿ ಬಿಟ್ಟು ಒಳಗೆ ಹೋಗು' ಅಂದ್ರು. ಕಾಲು ಒಳಗೆ ಹೋಗ್ಬಿಟ್ವು ಸಾರ್."

"ನೀನೇ ಯಾಕೆ ಪರೀಕ್ಷೆ ಕಟ್ಟಲಿಲ್ಲ?"

"ಇಷ್ಟು ವರ್ಷ ಕೆಲಸ ಮಾಡಿದಾನೆ ಅಂತ ಯಜಮಾನರು ಬರೆದುಕೊಡಬೇಕು. ಮೂರು ಸಲ ಕೇಳ್ದೆ. ಪಾಸಾದ್ರೆ ಬೇರೆ ಕಡೆ ಹಾರಿ ಹೋಗ್ತೀಯ ಅಂತ ಕೊಡಲಿಲ್ಲ." ಅವನ ಕಣ್ಣು ತುಂಬಿತು. "ಒಂದೇ ಒಂದು ಸಲ ಆ ಪ್ರಶ್ನೆಪತ್ರಿಕೆ ನೋಡ್ಬೇಕಿತ್ತು ಸಾರ್. ಬರೆಯೋಕೆ ನನ್ನ ಕೈಲಾಗುತ್ತಾ ಅಂತ."

"ಅದಕ್ಕೆ ಆ ಹುಡುಗನ ಹೆಸರು ಬರೆದು ಅವನ ಬಾಯಿಗೆ ಮಣ್ಣು ಹಾಕಿದೆ."

"ಇಲ್ಲ ಸಾರ್, ಅವನ ಹೆಸರು ಬರೀಲಿಲ್ಲ. ಮೂಲೇಲಿ ನನ್ನ ಹೆಸರೇ ಬರೆದೆ."

ಮೂರ್ತಪ್ಪ, ಬಾಬು ಸಾಬ್ ಇಬ್ಬರೂ ಮುಖ ಮುಖ ನೋಡಿಕೊಂಡರು. ಬೆಳಿಗ್ಗೆಯಿಂದ ಹುಡುಕುತ್ತಿದ್ದ ಹೆಸರು ಪರೀಕ್ಷಕರ ಕೈಯಲ್ಲೇ ಗೋಂದಿನ ಕೆಳಗಿತ್ತು. ಮಾರಪ್ಪನನ್ನು ಅಲ್ಲೇ ದಸ್ತಗಿರಿ ಮಾಡಲಾಯಿತು.

ಹೊರಡುವ ಮುಂಚೆ ಗಿರಣಿಯ ಯಜಮಾನರ ಹೇಳಿಕೆ ಪಡೆಯಬೇಕಿತ್ತು. ಪೊಲೀಸರನ್ನು ಕಂಡು ಅವರ ಬಾಯಲ್ಲಿ ಬೆಣ್ಣೆ ಕರಗುತ್ತಿತ್ತು.

"ಇವನು ಎಷ್ಟು ವರ್ಷದಿಂದ ಬಾಯ್ಲರ್ ಕೆಲಸ ಮಾಡ್ತಿದಾನೆ?"

"ಒಂಬತ್ತು ವರ್ಷ ಆಯ್ತು ಸ್ವಾಮಿ. ಕೆಲಸಕ್ಕೆ ಒಂದು ಕುಂದಿಲ್ಲ. ಬಾಯ್ಲರ್ ಪೂರ್ತಿ ಇವನ ಕೈಲೇ. ಇಂಥೋನು ಹೀಗೆ ಮಾಡ್ತಾನೆ ಅಂದ್ರೆ ನಂಬೋಕೇ ಆಗಲ್ಲ!"

"ದಫೇದಾರ್ರೇ, ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ಒಂದಕ್ಷರ ಬಿಡಬೇಡಿ," ಎಂದರು ಮೂರ್ತಪ್ಪ.

ಈ ಕೇಸಿಗೂ ಒಂಬತ್ತು ವರ್ಷಕ್ಕೂ ಏನು ಸಂಬಂಧ ಎಂದು ಬಾಬು ಸಾಬರಿಗೆ ತಿಳಿಯಲಿಲ್ಲ. ಬರೆದು ಯಜಮಾನರ ಸಹಿ ಹಾಕಿಸಿದರು.

ಸಂಜೆ ಪರೀಕ್ಷಕರು ಪಂಚರ ಮುಂದೆ ಮೂಲೆಯ ಗೋಂದು ಬಿಚ್ಚಿದರು. ದಪ್ಪ ದಪ್ಪ ಅಕ್ಷರದಲ್ಲಿ ಇತ್ತು: ಮಾರಪ್ಪ, ಭದ್ರಾವತಿ. ದುಡ್ಡಿಗೆ ಬೇರೆಯವರ ಪರೀಕ್ಷೆ ಬರೆಯಲು ಬಂದವನು ತನ್ನ ಹೆಸರು ಬರೆಯುವುದಿಲ್ಲ. ಅಬ್ಬಾಸನ ಕೈವಾಡ ಇಲ್ಲವೆಂದು ಮೂರ್ತಪ್ಪ ಧೈರ್ಯವಾಗಿ ಬರೆದುಕೊಟ್ಟರು. ಶ್ರೀನಿವಾಸಮೂರ್ತಿ ಆ ಉತ್ತರಗಳನ್ನು ಸುಮ್ಮನೆ ಓದತೊಡಗಿದರು. ಓದಿ ಮುಗಿಸಿ ಕನ್ನಡಕ ತೆಗೆದರು.

"ಮಾರ್ಕು ಹಾಕೋ ಹಾಗಿಲ್ಲ," ಎಂದರು. ಪತ್ರಿಕೆಯನ್ನು ಮಡಿಸಿಟ್ಟು, "ಹಾಕೋ ಹಾಗಿದ್ರೆ ಪಾಸು," ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಬ್ಬಾಸ್ ಅಲಿ ಪರೀಕ್ಷೆಗೆ ಕೂತ. ಗೋವಿಂದ ಈ ಸಲ ಅವನ ಮುಖವನ್ನು ಎಷ್ಟು ಹೊತ್ತು ನೋಡಿದನೆಂದರೆ ಹುಡುಗನಿಗೆ ನಾಚಿಕೆಯಾಯಿತು. ಅವನು ಪಾಸಾದ ಸುದ್ದಿ ಜನವರಿಯಲ್ಲಿ ಬಂತು. ಠಾಣೆಗೆಲ್ಲ ಮೈಸೂರು ಪಾಕು ಹಂಚಿದ. ಮಾರಪ್ಪನ ಕೇಸಿನಲ್ಲಿ ಸಾಕ್ಷಿ ಹೇಳುವಾಗ, ನನಗೆ ಅವನ ಮೇಲೆ ಸಿಟ್ಟಿಲ್ಲ ಎಂದ. ಮ್ಯಾಜಿಸ್ಟ್ರೇಟರು ಮಾರಪ್ಪನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಅವತ್ತು ಸಂಜೆ ಮಾರಪ್ಪ ಠಾಣೆಗೆ ಬಂದ. ಜಪ್ತಿ ಮಾಡಿದ ಚಪ್ಪಲಿ ವಾಪಸು ಪಡೆಯಬೇಕಿತ್ತು. ಮೂರ್ತಪ್ಪ ಅದರ ಜೊತೆ ಒಂದು ಕಾಗದವನ್ನೂ ಕೊಟ್ಟರು. ಯಜಮಾನರ ಹೇಳಿಕೆಯ ನಕಲು, ಕೋರ್ಟಿನ ಮೊಹರಿನೊಂದಿಗೆ.

"ಒಂಬತ್ತು ವರ್ಷ, ಕೆಲಸಕ್ಕೆ ಕುಂದಿಲ್ಲ ಅಂತ ನಿಮ್ಮ ಯಜಮಾನರೇ ಹೇಳಿ ಸಹಿ ಹಾಕಿದಾರೆ. ಇದನ್ನಿಟ್ಟು ಅರ್ಜಿ ಹಾಕು. ಒಪ್ಕೊಳ್ತೀನಿ ಅಂತ ಶ್ರೀನಿವಾಸಮೂರ್ತಿಯವರು ಹೇಳಿದಾರೆ."

ಬಾಬು ಸಾಬರಿಗೆ ಆಗ ಅರ್ಥವಾಯಿತು. ಎಲಾ ಇವರ, ಎಂದು ಸಾಹೇಬರ ಕಡೆ ನೋಡಿದರು. ಮೂರ್ತಪ್ಪ ಆಗಲೇ ಬೇರೆ ಫೈಲು ತಿರುವುತ್ತಿದ್ದರು.

ಮಾರಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡ. ಬಾಬು ಸಾಬ್ ಚಪ್ಪಲಿಯನ್ನು ಅವನ ಮುಂದೆ ಇಟ್ಟರು.

"ನವೆಂಬರಿಗೆ ಇದನ್ನೇ ಹಾಕ್ಕೊಂಡು ಬಾ. ಜಗಲಿ ಮೇಲೆ ಬಿಡು, ಬರಿ. ಆಮೇಲೆ ಬಾಗಿಲಲ್ಲೇ ಹೊರಗೆ ಬಂದು ಮೆಟ್ಕೊಂಡು ಮನೆಗೆ ಹೋಗು ಮಾರಾಯ. ನನ್ನ ಕೈಲಿ ಇನ್ನೊಂದು ಸಲ ಹೊರೋಕಾಗಲ್ಲ."