ಇಸೊನೆಯಲ್ಲಿ ಇಳಿದವನು

"ನಿಲ್ಸಿ! ಅದನ್ನ ಕತ್ತರಿಸ್ಬೇಡಿ!"

ಚಿಕಾಗೆ ಕೂಗುತ್ತಾ ಪ್ಲಾಟ್‌ಫಾರ್ಮಿಗೆ ಓಡಿ ಬರುವಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರ ತನ್ನ ಕೆಲಸ ಮುಗಿಸಿತ್ತು. ಬಿಳಿ ಸೇವಂತಿಗೆ ಗಿಡಗಳೆಲ್ಲ ನೆಲದ ಪಾಲು.

ಟಿಕೆಟ್ ಕೊಡುವವರಾಗಲಿ, ಕಸ ಗುಡಿಸುವವರಾಗಲಿ ಇಲ್ಲದ ನಿಲ್ದಾಣ ಇಸೊನೆ. ಒಂದು ಬೆಂಚು, ಕೆಳಗೆ ಕಡಲು, ಅಷ್ಟೇ. ಆ ಗಿಡಗಳನ್ನು ನೆಟ್ಟವನು ಅವಳ ಗಂಡ ಯೋಹೇ. ಮೀನಿಗೆ ಹೋದವನು ಮರಳಲೇ ಇಲ್ಲ, ನಾಲ್ಕು ವರ್ಷವಾಗಿತ್ತು.

"ಕಳೆ ಅಂದ್ಕೊಂಡೆ... ಕ್ಷಮಿಸಿ." ಹಳಿ ನೋಡಿಕೊಳ್ಳುವ ಕುನಿಹಿಕೊ ಟೋಪಿ ತೆಗೆದು ಸೊಂಟ ಬಗ್ಗಿಸಿದ.

"ಕ್ಷಮಿಸಿದ್ರೆ ಗಿಡ ಚಿಗುರುತ್ತಾ?"

ಮುಂದಿನ ಭಾನುವಾರ, ರಜೆಯ ದಿನ, ಅವನು ಸಸಿಗಳನ್ನು ಹೊತ್ತು ಬಂದ. ನೆಟ್ಟಾದ ಮೇಲೆ ನೀರು ಹಾಕುವ ನೆಪದಲ್ಲಿ ಬರುತ್ತಲೇ ಇದ್ದ. ಅತ್ತೆ ತೊಮೆ ಅವನನ್ನು ಮನೆಗೇ ಕರೆದು ಕಡಲಸೊಪ್ಪಿನ ಸಾರು ಬಡಿಸತೊಡಗಿದಳು.

"ಗಿಡಕ್ಕಿಂತ ಇವನೇ ಜಾಸ್ತಿ ಕುಡೀತಾನೆ ಕಣೇ!"

ಚಿಕಾಗೆ ನಕ್ಕುಬಿಟ್ಟಳು. ಮರುಕ್ಷಣವೇ ಬೆಚ್ಚಿದಳು. 'ಅಯ್ಯೋ... ನಾನು ನಗಬಹುದೇ?'

ಒಂದು ಸಂಜೆ ಚಿಕಾಗೆ ಹಿತ್ತಲಲ್ಲಿ ಒಣಗಿದ ಮೀನು ಎತ್ತಿಡುತ್ತಿದ್ದಾಗ, ಒಳಗೆ ಅತ್ತೆ ಕುನಿಹಿಕೊಗೆ ಹೇಳುತ್ತಿದ್ದುದು ಕೇಳಿಸಿತು.

"ಅವಳನ್ನ ಕರ್ಕೊಂಡು ಹೋಗ್ಬಿಡಪ್ಪ. ನಿಂಗೆ ಪುಣ್ಯ ಬರುತ್ತೆ."

'ಅತ್ತೆಗೆ ನಾನು ಹೊರೆಯಾದೆ... ಇವನು ಬರುವುದು ಬರೀ ಕನಿಕರಕ್ಕೆ!'

ಅಂದೇ ನಿಲ್ದಾಣದಲ್ಲಿ ಅವನನ್ನು ತಡೆದಳು. "ಇನ್ನು ಬರಬೇಡಿ. ನಿಮ್ಮ ಕನಿಕರ ನಂಗೆ ಬೇಡ."

"ಕನಿಕರಾನಾ? ಚಿಕಾಗೆ ಅವರೇ, ನಾನು..."

"ಗಾಡಿ ಬಂತು. ಹತ್ತಿ!"

ಅವನು ಹತ್ತಿದ. ಭಾನುವಾರಗಳು ಬರಿದಾದವು.

ಚಳಿಗಾಲದ ಒಂದು ಬೆಳಗ್ಗೆ ಅವಳು ಕಡಲ ದಡದಿಂದ ಮನೆಗೆ ಬಂದಾಗ ತೊಮೆ ಬಾಗಿಲಲ್ಲೇ ನಿಂತಿದ್ದಳು.

"ಕುನಿಹಿಕೊ ಹೇಳಿಹೋಗೋಕೆ ಬಂದಿದ್ದ. ದೂರದೂರಿಗೆ ವರ್ಗ ಕೇಳ್ಕೊಂಡಿದ್ದಾನಂತೆ. ಈ ಗಾಡೀಗೇ ಹೊರಟ."

"ಹೋಗ್ಲಿ ಬಿಡಿ. ನನ್ನ ಸಾಗಹಾಕೋಕೆ ಬೇರೆ ಯಾರನ್ನಾದ್ರೂ ಹುಡುಕಿ."

"ಸಾಗಹಾಕೋಕಾ? ಪೆದ್ದಿ! ಅವತ್ತು ಅವನೇ ಮಂಡಿಯೂರಿ ನಿನ್ನನ್ನ ಮದುವೆಗೆ ಕೇಳಿದ. 'ನಿಮ್ಮನ್ನೂ ಬಿಡಲ್ಲಮ್ಮ, ಮೂವರೂ ಒಟ್ಟಿಗಿರೋಣ' ಅಂದ. ಈ ಮುದುಕಿ ಗಂಟು ನಿಂಗ್ಯಾಕೆ, ಅವಳನ್ನ ಕರ್ಕೊಂಡು ಹೋಗು ಅಂದೆ. ಮಗನನ್ನ ಕಡಲು ತಗೊಂಡಿತು... ನಿನ್ನನ್ನ ನಾನು ಈ ಮನೇಲಿ ಹೂತಿಡಲಾ?"

ಚಿಕಾಗೆಯ ಕಣ್ಣು ತುಂಬಿ ಬಂತು.

"ನಾನು ಅವನನ್ನ ಕಳಿಸಿ ಬರ್ತೀನಿ. ನೀನು ಅಳ್ತಾ ಕೂತ್ಕೋ!" ತೊಮೆ ಮನೆಯ ಚಪ್ಪಲಿಯಲ್ಲೇ ನಡೆದುಬಿಟ್ಟಳು.

ಚಿಕಾಗೆ ಯೋಹೇಯ ಭಾವಚಿತ್ರದ ಮುಂದೆ ಕುಸಿದಳು. ಆ ಮುಖದಲ್ಲಿ ಎಂದಿನದೇ ನಗು. "ಹೋಗ್ಲಾ?" ಎಂದು ಪಿಸುಗುಟ್ಟಿದಳು. ಅತ್ತಳು.

ಊರಾಚೆಯ ಸುರಂಗದ ಕಡೆಯಿಂದ ಗಾಡಿ ಕೂಗಿತು!

ಅವಳು ಓಡಿದಳು.

ಒಂದೇ ಡಬ್ಬಿಯ ಗಾಡಿ ಆಗಲೇ ಬಂದು ನಿಂತಿತ್ತು. ಅದನ್ನು ತಡೆಯಲು ಅಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ, ಬಾವುಟವಿಲ್ಲ. ಆದರೆ ಬಾಗಿಲಲ್ಲಿ ತೊಮೆ ಇದ್ದಳು. ಒಂದು ಕಾಲು ಒಳಗೆ, ಇನ್ನೊಂದು ಹೊರಗೆ!

"ಅಜ್ಜಿ, ಹತ್ತಿ, ಇಲ್ಲಾ ಇಳೀರಿ!" ಚಾಲಕ ಗೋಗರೆಯುತ್ತಿದ್ದ.

"ಹತ್ತುತ್ತಿದೀನಲ್ಲಪ್ಪಾ! ಎಪ್ಪತ್ತೆಂಟು ವರ್ಷದ ಮಂಡಿ ಇದು!"

ಸೊಸೆ ಕಣ್ಣಿಗೆ ಬಿದ್ದದ್ದೇ ತಡ, ಆ ಮಂಡಿ ನೆಟ್ಟಗಾಯಿತು. ಮುದುಕಿ ಪಟ್ಟನೆ ಒಳಗೆ ಹಾರಿ, ಕುನಿಹಿಕೊನನ್ನು ಚೀಲದ ಸಮೇತ ಹೊರಗೆ ದಬ್ಬಿದಳು. ಬಾಗಿಲು ಮುಚ್ಚಿತು. ಗಾಡಿ ಹೊರಟಿತು...

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಮ್ಮ ಎಲ್ಲಿಗೆ ಹೋದ್ರು?" ಅವನು ಗಾಡಿಯತ್ತ ನೋಡುತ್ತ ಕೇಳಿದ.

"ಮುಂದಿನ ಊರಿಗೆ... ಮಧ್ಯಾಹ್ನದ ಗಾಡೀಲಿ ಬರ್ತಾರೆ." ಅವಳು ಕಣ್ಣೊರೆಸಿಕೊಂಡಳು. "ಆಮೇಲೆ ಮೂವರೂ ಮನೆಗೆ ಹೋಗೋಣ."

"ಮೂವರೂನಾ?"

"ಹೂಂ... ನೀನೇ ತಾನೇ ಕೇಳಿದ್ದು?"

"ಅಂದ್ರೆ... ಒಪ್ಪಿಗೇನಾ?"

"ಬಾ... ಹತ್ತಿರ ಕೂತ್ಕೋ. ಚಳಿ."